ಸಿಡ್ನಿ ರಿಂಗರ್: ನಲ್ಲಿಯ ನೀರಿನಲ್ಲಿ ಜೀವದ ಗುಟ್ಟನ್ನು ಕಂಡ ವೈದ್ಯ

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕದ ಕಂಬಕ್ಕೆ ತೂಗುಹಾಕಿದ ಬಾಟಲಿಯ ಮೇಲೆ ರಿಂಗರ್ ಎಂಬ ಹೆಸರು ಅಚ್ಚಾಗಿರುವುದನ್ನು ಅನೇಕರು ಕಂಡಿರುತ್ತಾರೆ. ವಾಂತಿಭೇದಿಯಿಂದ ನಿತ್ರಾಣವಾದ ಮಗುವಿಗೆ, ಸುಟ್ಟಗಾಯದಿಂದ ನರಳುವ ಗೃಹಿಣಿಗೆ, ಶಸ್ತ್ರಚಿಕಿತ್ಸೆಗೆ ಒಳಗಾದ ರೈತನಿಗೆ ಆ ಬಾಟಲಿಯ ದ್ರವವು ಹನಿಹನಿಯಾಗಿ ರಕ್ತನಾಳವನ್ನು ಸೇರುತ್ತದೆ. ಹಳ್ಳಿಯ ಜನ ಅದನ್ನೂ ಗ್ಲೂಕೋಸ್ ಎಂದೇ ಕರೆಯುವುದುಂಟು. ವೈದ್ಯರೂ ದಾದಿಯರೂ ಆರ್.ಎಲ್. ಎನ್ನುತ್ತಾರೆ. ಆ ಎರಡಕ್ಷರಗಳಲ್ಲಿ ಮೊದಲನೆಯದು ಒಬ್ಬ ವೈದ್ಯರ ಹೆಸರಿನ ಕುರುಹು ಎಂಬುದು ಎಷ್ಟೋ ಜನಕ್ಕೆ ತಿಳಿಯದು. ಲಂಡನ್ ನಗರದ ಒಂದೇ ಆಸ್ಪತ್ರೆಯಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ದುಡಿದು, 1910ರಲ್ಲಿ ಕಾಲವಾದ ಸಿಡ್ನಿ ರಿಂಗರ್ ಅವರೇ ಆ ವೈದ್ಯರು.

ಹೃದಯ ಮಿಡಿಯಬೇಕಾದರೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಮೂಲಧಾತು, ಅತ್ಯಲ್ಪ ಪ್ರಮಾಣದಲ್ಲಾದರೂ ಇರಲೇಬೇಕು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು ಅವರು. ಇಂದು ಜೀವಕೋಶಗಳನ್ನು ಕುರಿತು ಸಂಶೋಧನೆ ನಡೆಸುವವರು ಕ್ಯಾಲ್ಸಿಯಂ ಅಯನೋಫೋರ್ ಎಂಬ ದ್ರವ್ಯದ ನೆರವಿನಿಂದ ಕೋಶದೊಳಕ್ಕೆ ಕ್ಯಾಲ್ಸಿಯಂ ಹಾಯಿಸಿ ಅದರ ಪರಿಣಾಮವನ್ನು ಪರೀಕ್ಷಿಸುವರಷ್ಟೆ. ಆ ಪರೀಕ್ಷೆಯ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಸಾಗಿದರೆ ಕೊನೆಗೆ ತಲುಪುವುದು ರಿಂಗರ್ ಅವರ ಮೇಜಿನ ಮೇಲಿದ್ದ ಕಪ್ಪೆಯ ಹೃದಯವನ್ನು. ಈ ಮಹತ್ತಾದ ಶೋಧನೆ ಅವರಿಗೆ ದೊರೆತದ್ದಾದರೂ ತಮ್ಮದೇ ಪ್ರಕಟಿತ ಲೇಖನವೊಂದು ಸರಿಯಲ್ಲವೆಂದು ಕಂಡುಕೊಂಡ ಗಳಿಗೆಯಲ್ಲಿ. ಅವರ ಜೀವನವನ್ನು ಅರಿಯಬೇಕಾದುದು ವಿಶೇಷವಾಗಿ ಈ ಕಾರಣಕ್ಕಾಗಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಿಡ್ನಿ ರಿಂಗರ್ ಅವರು ಇಂಗ್ಲೆಂಡಿನ ಪೂರ್ವಭಾಗದ ನಾರಿಚ್ ಪಟ್ಟಣದಲ್ಲಿ 1830ರ ದಶಕದ ಮಧ್ಯಭಾಗದಲ್ಲಿ ಜನಿಸಿದರು. ತಂದೆ ಸಾಮಾನ್ಯ ವರ್ತಕರು. ಮಕ್ಕಳಿನ್ನೂ ಎಳೆಯರಾಗಿರುವಾಗಲೇ ಅವರು ತೀರಿಕೊಂಡರು. ಸೋದರರು ವ್ಯಾಪಾರದ ಹಾದಿ ಹಿಡಿದು ಪೂರ್ವದೇಶಗಳಿಗೆ ತೆರಳಿದರು. ಅವರಲ್ಲಿ ಫ್ರೆಡರಿಕ್ ರಿಂಗರ್ ಜಪಾನಿನ ನಾಗಾಸಾಕಿಯಲ್ಲಿ ನೆಲೆಸಿ ಹೆಸರಾಂತ ವ್ಯಾಪಾರಿಯಾದರು. ಸಿಡ್ನಿಯವರ ಮನಸ್ಸು ಮಾತ್ರ ವೈದ್ಯವಿದ್ಯೆಯತ್ತ ಒಲಿಯಿತು.

ಅವರ ಮನೆತನ ಇಂಗ್ಲೆಂಡಿನ ರಾಜಮಾನ್ಯ ಚರ್ಚಿಗೆ ಸೇರದ ಪಂಥದ್ದಾಗಿತ್ತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ಅಂಥ ಪಂಥದವರಿಗೆ ಬಹುಕಾಲ ಬಾಗಿಲು ಮುಚ್ಚಿದ್ದವು. ವಿದ್ಯಾರ್ಥಿಯ ಮತವಾವುದೆಂದು ವಿಚಾರಿಸದೆ ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ಉದ್ದೇಶದಿಂದ 1826ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಯೂನಿವರ್ಸಿಟಿ ಕಾಲೇಜು ಇಂತಹ ತರುಣರಿಗೆ ಆಸರೆಯಾಯಿತು. ತಂದೆಯಿಲ್ಲದ ತರುಣ ರಿಂಗರ್ 1854ರಲ್ಲಿ ಈ ಕಾಲೇಜನ್ನು ಸೇರಿದರು. 1860ರಲ್ಲಿ ವೈದ್ಯ ಪದವಿಯನ್ನೂ, 1863ರಲ್ಲಿ ಎಂ.ಡಿ. ಪದವಿಯನ್ನೂ ಪಡೆದರು. ಜಾತಿಮತಗಳ ಅಡ್ಡಿಯಿಲ್ಲದೆ ಬಾಗಿಲು ತೆರೆದ ಒಂದು ವಿದ್ಯಾಸಂಸ್ಥೆ ಒಬ್ಬ ಹುಡುಗನನ್ನು ಒಳಗೆ ಕರೆದುಕೊಂಡದ್ದರ ಫಲವನ್ನು ಮುಂದೆ ಜಗತ್ತಿನ ಎಲ್ಲ ದೇಶಗಳ ರೋಗಿಗಳೂ ಉಂಡರು.

ವೈದ್ಯರಾಗಿ, ಅಧ್ಯಾಪಕರಾಗಿ

ವಿದ್ಯೆ ನೀಡಿದ ಸಂಸ್ಥೆಯನ್ನು ರಿಂಗರ್ ಅವರು ಕೊನೆಯವರೆಗೂ ಬಿಡಲಿಲ್ಲ. ಯೂನಿವರ್ಸಿಟಿ ಕಾಲೇಜಿನ ಆಸ್ಪತ್ರೆಯಲ್ಲಿ 1861ರಲ್ಲಿ ನಿವಾಸಿ ವೈದ್ಯರಾಗಿ ಸೇರಿದ ಅವರು 1863ರಲ್ಲಿ ಸಹಾಯಕ ವೈದ್ಯರಾದರು, 1866ರಲ್ಲಿ ಪೂರ್ಣ ವೈದ್ಯರಾದರು. ಇದರೊಡನೆ 1864ರಿಂದ 1869ರವರೆಗೆ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿದ್ದ ಮಕ್ಕಳ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದರು. ಕಾಲೇಜಿನಲ್ಲಿ ಮೊದಲು ಔಷಧಶಾಸ್ತ್ರದ, ಅನಂತರ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, 1887ರಿಂದ 1900ರಲ್ಲಿ ನಿವೃತ್ತಿ ಹೊಂದುವವರೆಗೆ ಚಿಕಿತ್ಸಾವೈದ್ಯದ ಹೋಮ್ ಪ್ರಾಧ್ಯಾಪಕರಾಗಿ ಪಾಠ ಹೇಳಿದರು.

ರೋಗಿಯ ಹಾಸಿಗೆಯ ಬಳಿ ನಿಂತು ಪಾಠ ಹೇಳುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಅವರು ವಾರ್ಡಿನಲ್ಲಿ ಸುತ್ತು ಹಾಕುವಾಗ ವಿದ್ಯಾರ್ಥಿಗಳು ಹಿಂಬಾಲಿಸಿ ಕಲಿಯುತ್ತಿದ್ದರು. ರೋಗವನ್ನು ಪುಸ್ತಕದಿಂದ ಊಹಿಸದೆ ಮುಂದಿರುವ ಮನುಷ್ಯನಿಂದ ತಿಳಿಯಬೇಕೆಂಬುದು ಅವರ ಬೋಧನೆಯ ತಿರುಳಾಗಿತ್ತು. ಅವರು ಬರೆದ ಚಿಕಿತ್ಸಾ ಕೈಪಿಡಿ 1869ರಲ್ಲಿ ಪ್ರಕಟವಾಯಿತು. ಯಾವ ಔಷಧ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ವೈದ್ಯರಿಗೆ ತಿಳಿಯಹೇಳುವ ಆ ಗ್ರಂಥ 1897ರ ಹೊತ್ತಿಗೆ 13 ಆವೃತ್ತಿಗಳನ್ನು ಕಂಡಿತು. ಆ ಕಾಲದ ವೈದ್ಯರ ಮೇಜಿನ ಮೇಲೆ ಅದು ಇರಲೇಬೇಕಾದ ಪುಸ್ತಕವಾಗಿತ್ತು.

ಇಷ್ಟರಿಂದಲೇ ತೃಪ್ತರಾಗಿದ್ದರೆ ಒಳ್ಳೆಯ ವೈದ್ಯರೆಂದು, ಜನಪ್ರಿಯ ಗ್ರಂಥಕರ್ತರೆಂದು ಕೆಲವು ಕಾಲ ಸ್ಮರಿಸಲ್ಪಟ್ಟು ಅವರು ಮರೆವಿಗೆ ಸಲ್ಲುತ್ತಿದ್ದರು. ಆದರೆ ಔಷಧವೆಂಬುದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಅವರಿಗೆ ಸ್ವಂತದ ದೊಡ್ಡ ಪ್ರಯೋಗಶಾಲೆ ಇರಲಿಲ್ಲ. ಕಾಲೇಜಿನ ಶರೀರಕ್ರಿಯಾ ವಿಭಾಗದಲ್ಲಿ ದೊರೆತ ಎಡೆಯಲ್ಲಿ, ಆಸ್ಪತ್ರೆಯ ಕೆಲಸಗಳ ನಡುವೆ ಉಳಿಸಿಕೊಂಡ ಸಮಯದಲ್ಲಿ, ಒಬ್ಬಿಬ್ಬರು ಸಹಾಯಕರೊಡನೆ ಅವರ ಪ್ರಯೋಗಗಳು ನಡೆದವು.

ಕಪ್ಪೆಯ ಹೃದಯ

ಕಪ್ಪೆಯ ಹೃದಯಕ್ಕೆ ಒಂದು ವೈಶಿಷ್ಟ್ಯವುಂಟು. ದೇಹದಿಂದ ಹೊರತೆಗೆದರೂ ತಕ್ಕ ದ್ರವದಲ್ಲಿ ಇರಿಸಿದರೆ ಅದು ಬಹಳ ಹೊತ್ತು ಮಿಡಿಯುತ್ತಲೇ ಇರುತ್ತದೆ. ಹಾಗಾದರೆ ತಕ್ಕ ದ್ರವ ಯಾವುದು? ರಕ್ತದಲ್ಲಿರುವ ಯಾವ ಅಂಶ ಹೃದಯವನ್ನು ನಡೆಸುತ್ತದೆ? ಸಾರಯುಕ್ತವಾದ ಪ್ರೋಟೀನುಗಳೋ, ಅಥವಾ ಸಾಮಾನ್ಯ ಲವಣಗಳೋ? ಹತ್ತೊಂಬತ್ತನೆಯ ಶತಮಾನದ ಶರೀರಶಾಸ್ತ್ರಜ್ಞರನ್ನು ಕಾಡುತ್ತಿದ್ದ ಪ್ರಶ್ನೆ ಇದು.

ರಿಂಗರ್ ಅವರು ರಕ್ತದ ಒಂದೊಂದು ಘಟಕವನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ತೊಡಗಿದರು. ನೂರು ಭಾಗ ನೀರಿಗೆ ಮುಕ್ಕಾಲು ಭಾಗದಷ್ಟು ಅಡುಗೆಯ ಉಪ್ಪನ್ನು ಬೆರೆಸಿದ ದ್ರಾವಣವನ್ನು ಕಪ್ಪೆಯ ಹೃದಯದೊಳಗೆ ಹಾಯಿಸಿ, ಪ್ರತಿಯೊಂದು ಮಿಡಿತದ ಎತ್ತರವನ್ನೂ ಅವಧಿಯನ್ನೂ ಗುರುತು ಮಾಡಿಕೊಂಡರು. ಆ ಉಪ್ಪುನೀರಿನಲ್ಲಿ ಹೃದಯವು ಸೊಗಸಾಗಿ ಮಿಡಿಯಿತು. ಅದಕ್ಕೆ ಬೇರೆ ಬೇರೆ ಲವಣಗಳನ್ನು ಸೇರಿಸಿ ಕಂಡ ಬದಲಾವಣೆಗಳನ್ನು ಅವರು 1882ರಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರತಿಷ್ಠಿತ ಆಂಗ್ಲ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೇಖನ ಅಚ್ಚಾಗಿ ವಿದ್ವಾಂಸರ ಕೈಸೇರಿತು. ಸಾಮಾನ್ಯ ದೃಷ್ಟಿಯಿಂದ ನೋಡಿದರೆ ಕೆಲಸ ಅಲ್ಲಿಗೆ ಮುಗಿದಿತ್ತು.

ನಲ್ಲಿಯ ನೀರು

ಕೆಲವು ಕಾಲದ ಮೇಲೆ ಒಂದು ವಿಚಿತ್ರ ಸಂಗತಿ ಎದುರಾಯಿತು. ಮೊದಲು ಗಂಟೆಗಟ್ಟಲೆ ಮಿಡಿಯುತ್ತಿದ್ದ ಹೃದಯ ಈಗ ಹೊಸದಾಗಿ ತಯಾರಿಸಿದ ದ್ರಾವಣದಲ್ಲಿ ಬೇಗನೆ ಸೋತು ನಿಲ್ಲತೊಡಗಿತು. ಉಪ್ಪು ಅದೇ, ಪ್ರಮಾಣ ಅದೇ, ಕಪ್ಪೆಯ ಜಾತಿಯೂ ಅದೇ. ಬದಲಾದದ್ದು ಏನು?

ವಿಚಾರಿಸಿದಾಗ ಗುಟ್ಟು ಹೊರಬಿದ್ದಿತು. ದ್ರಾವಣ ತಯಾರಿಸುತ್ತಿದ್ದವರು ಪ್ರಯೋಗಶಾಲೆಯ ಸಹಾಯಕ ಫೀಲ್ಡರ್. ನೀರನ್ನು ಬಟ್ಟಿ ಇಳಿಸುವುದು ಹೊತ್ತು ಹಿಡಿಯುವ ಕೆಲಸ. ನೋಡಲು ಎರಡೂ ನೀರು ಒಂದೇ ತೆರನಾಗಿರುವಾಗ ಅಷ್ಟು ಶ್ರಮವೇಕೆಂದು ಬಗೆದು, ಆತ ಮೊದಲ ಪ್ರಯೋಗಗಳಿಗೆ ನಲ್ಲಿಯಿಂದ ಹಿಡಿದ ನೀರಿನಲ್ಲೇ ಉಪ್ಪು ಕರಗಿಸಿ ಕೊಟ್ಟಿದ್ದನೆಂದು ಮುಂದಿನ ತಲೆಮಾರಿನ ವಿಜ್ಞಾನಿಗಳು ಹೇಳುತ್ತ ಬಂದರು. ಆ ನೀರನ್ನು ಲಂಡನ್ನಿಗೆ ಒದಗಿಸುತ್ತಿದ್ದುದು ನ್ಯೂ ರಿವರ್ ಎಂಬ ಕಂಪನಿ. 1613ರಲ್ಲಿ ಪೂರ್ಣಗೊಂಡ ಆ ಕಂಪನಿಯ ಕಾಲುವೆ ಹರ್ಟ್‌ಫರ್ಡ್‌ಶೈರ್‌ನ ಚಿಲುಮೆಗಳ ನೀರನ್ನು ನಗರಕ್ಕೆ ತರುತ್ತಿತ್ತು. ಆ ಪ್ರದೇಶದ ನೆಲದಡಿಯಲ್ಲಿರುವುದು ಬಿಳಿಯ ಸುಣ್ಣಕಲ್ಲು. ಸೀಮೆಸುಣ್ಣದ ಮೂಲ ಅದೇ. ಆ ಕಲ್ಲಿನ ಪದರಗಳ ನಡುವೆ ಒಸರಿ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನಕ್ಕೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಳ್ಳೂರಿನಂಥ ಗ್ರಾಮಗಳಿರುವ ಈ ಬಯಲುಸೀಮೆಯಲ್ಲಿ ಗಡಸುನೀರಿನ ಪರಿಚಯ ಇಲ್ಲದ ಮನೆ ವಿರಳ. ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದು, ಸಾಬೂನು ನೊರೆ ಬಾರದಿರುವುದು, ಬೇಳೆ ಬೇಯಲು ತಡವಾಗುವುದು ಇವೆಲ್ಲ ನೀರಿನಲ್ಲಿ ಕಣ್ಣಿಗೆ ಕಾಣದೆ ಕರಗಿರುವ ಖನಿಜಗಳ ಕೆಲಸ. ಪಾವಗಡ, ಶಿರಾ ಭಾಗಗಳಲ್ಲಿ ಅಂತರ್ಜಲದೊಳಗಿನ ಫ್ಲೋರೈಡ್ ಹಲ್ಲುಗಳಿಗೂ ಮೂಳೆಗಳಿಗೂ ಮಾಡಿರುವ ಕೇಡು ಎಲ್ಲರಿಗೂ ತಿಳಿದದ್ದೇ. ನೋಡಲು ತಿಳಿಯಾದ ನೀರು ಬರಿಯ ನೀರಲ್ಲ ಎಂಬ ಈ ಅನುಭವವನ್ನೇ ರಿಂಗರ್ ಅವರು ಲಂಡನ್ನಿನ ಪ್ರಯೋಗಶಾಲೆಯಲ್ಲಿ ಬೇರೊಂದು ಬಗೆಯಲ್ಲಿ ಪಡೆದರು.

ಈಗ ಅವರ ಮುಂದೆ ಎರಡು ದಾರಿಗಳಿದ್ದವು. ವಯಸ್ಸಿನಲ್ಲಿ ಹಿರಿಯರು, ಪ್ರಾಧ್ಯಾಪಕರು, ಎಲ್ಲೆಡೆ ಓದಲ್ಪಡುತ್ತಿದ್ದ ಗ್ರಂಥದ ಕರ್ತೃ; ಅಂಥವರು ತಮ್ಮ ಲೇಖನದ ಬಗ್ಗೆ ಸುಮ್ಮನಿದ್ದುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಸಹಾಯಕನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದೂ ಸುಲಭವಾಗಿತ್ತು. ರಿಂಗರ್ ಅವರು ಇವೆರಡನ್ನೂ ಮಾಡಲಿಲ್ಲ. ಬಟ್ಟಿ ಇಳಿಸಿದ ನೀರನ್ನು ಬಳಸಿ ಇಡೀ ಪ್ರಯೋಗಮಾಲೆಯನ್ನು ಒಡನೆಯೇ ಮತ್ತೆ ನಡೆಸಿದರು. 1883ರಲ್ಲಿ ಅದೇ ಪತ್ರಿಕೆಯಲ್ಲಿ ಎರಡನೆಯ ಲೇಖನ ಪ್ರಕಟಿಸಿದರು. ಅದರ ಮೊದಲ ಸಾಲುಗಳಲ್ಲಿಯೇ, ಹಿಂದಿನ ಲೇಖನದಲ್ಲಿ ಬಳಸಿದ ದ್ರಾವಣ ಶುದ್ಧಜಲದಿಂದಲ್ಲದೆ ಕೊಳಾಯಿಯ ನೀರಿನಿಂದ ತಯಾರಾದುದೆಂದೂ, ಶುದ್ಧಜಲ ಬಳಸಿದಾಗ ಆ ಪರಿಣಾಮಗಳು ಬಾರವೆಂದೂ, ಆದುದರಿಂದ ಅವು ಆ ನೀರಿನಲ್ಲಿದ್ದ ಖನಿಜಗಳಿಂದಲೇ ಆದವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಸಹಾಯಕನ ಹೆಸರನ್ನು ಎತ್ತಲಿಲ್ಲ.

ಅನಂತರ ಅವರು ಕೊಳಾಯಿಯ ನೀರಿನಲ್ಲಿದ್ದ ಒಂದೊಂದು ಲವಣವನ್ನೂ ಶುದ್ಧ ಉಪ್ಪುನೀರಿಗೆ ಸೇರಿಸುತ್ತ ಬಂದರು. ಸೋತು ನಿಂತಿದ್ದ ಹೃದಯಕ್ಕೆ ಕ್ಯಾಲ್ಸಿಯಂ ಲವಣದ ಲೇಶವನ್ನು ಕೊಟ್ಟೊಡನೆ ಅದು ಮತ್ತೆ ಮಿಡಿಯಿತು. ಕ್ಯಾಲ್ಸಿಯಂ ಒಂದನ್ನೇ ಕೊಟ್ಟರೆ ಹೃದಯವು ಸಂಕುಚಿಸಿದ ಮೇಲೆ ಸರಿಯಾಗಿ ಸಡಿಲಗೊಳ್ಳದೆ ಬಿಗಿಹಿಡಿದುಕೊಳ್ಳುತ್ತ ಹೋಯಿತು. ಅದಕ್ಕೆ ಅಲ್ಪ ಪ್ರಮಾಣದ ಪೊಟ್ಯಾಸಿಯಂ ಸೇರಿಸಿದಾಗ ಬಿಗಿತ ಹೋಗಿ ಮಿಡಿತ ಸಹಜವಾಯಿತು. ಹೀಗೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಂಬ ಮೂರು ಧಾತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿದಾಗಲೇ ಹೃದಯ ನಡೆಯುತ್ತದೆ ಎಂಬುದು ಸಿದ್ಧವಾಯಿತು. ಒಂದು ಹಿಗ್ಗಿಸಿದರೆ ಇನ್ನೊಂದು ತಗ್ಗಿಸುತ್ತದೆ. ಯಾವುದು ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ರಿಂಗರ್ ದ್ರಾವಣ ಹುಟ್ಟಿದ್ದು ಹೀಗೆ.

ಮುಂದಿನ ಸಂಶೋಧನೆಗಳು

ಇದಾದ ಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ರಿಂಗರ್ ಅವರು ಇದೇ ಮಾರ್ಗದಲ್ಲಿ ನಡೆದರು. ಸಿಹಿನೀರಿನ ಮೀನುಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬಿಟ್ಟರೆ ಅವು ಬೇಗನೆ ಸಾಯುತ್ತವೆಂದೂ, ಆ ನೀರಿಗೆ ಸ್ವಲ್ಪ ಕ್ಯಾಲ್ಸಿಯಂ ಸೇರಿಸಿದರೆ ಹೆಚ್ಚು ಕಾಲ ಬದುಕುತ್ತವೆಂದೂ ತೋರಿಸಿದರು. ಕಪ್ಪೆಯ ಮೊಟ್ಟೆಗಳ ಬೆಳವಣಿಗೆಗೂ ಗೊದಮೊಟ್ಟೆಗಳ ಬಾಳಿಗೂ ಸುಣ್ಣದ ಲವಣ ಹೇಗೆ ನೆರವಾಗುತ್ತದೆಂಬುದನ್ನು 1890ರಲ್ಲಿ ಪ್ರಕಟಿಸಿದರು. ಪರಿಶುದ್ಧವೆಂದು ಬಗೆಯುವ ನೀರೇ ಜೀವಿಗೆ ಮಾರಕವಾಗಬಹುದು, ಅದರೊಳಗಿನ ಮಣ್ಣಿನ ಅಂಶವೇ ಪ್ರಾಣವನ್ನು ಕಾಯಬಹುದು ಎಂಬುದು ಆ ಕಾಲದವರಿಗೆ ಆಶ್ಚರ್ಯದ ವಿಷಯವಾಗಿತ್ತು.

ಒಂದು ಒಗಟನ್ನು ಬಿಡಿಸುವುದು ಮಾತ್ರ ಅವರ ಕಾಲದಲ್ಲಿ ಸಾಧ್ಯವಾಗಲಿಲ್ಲ. ಹೃದಯದ ಸ್ನಾಯು ಹೊರಗಿನ ಕ್ಯಾಲ್ಸಿಯಂ ಇಲ್ಲದೆ ಒಡನೆಯೇ ಸೋಲುತ್ತದೆ. ಕೈಕಾಲುಗಳ ಸ್ನಾಯುವಾದರೋ ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೂ ಬಹಳ ಹೊತ್ತು ಕೆಲಸ ಮಾಡಬಲ್ಲದು. ಹಾಗಾದರೆ ಕ್ಯಾಲ್ಸಿಯಂ ಸ್ನಾಯುಗಳಿಗೆಲ್ಲ ಬೇಕೆನ್ನುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಬೇಕಾಯಿತು.

1885ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಆದರೂ ಅವರ ದಿನಚರಿ ಬದಲಾಗಲಿಲ್ಲ. ಆಸ್ಪತ್ರೆ, ತರಗತಿ, ಪ್ರಯೋಗಶಾಲೆ ಈ ಮೂರರ ನಡುವೆ ಅವರ ಬಾಳು ಸಾಗಿತು.

ಲಾಸ್ಟಿಂಗ್‌ಹ್ಯಾಮ್

ಅವರ ಪತ್ನಿ ಆ್ಯನ್ ಯಾರ್ಕ್‌ಶೈರ್ ಪ್ರಾಂತದ ಡಾರ್ಲಿ ಮನೆತನದವರು. ಅದೇ ಪ್ರಾಂತದ ಬಯಲು ಬೆಟ್ಟಗಳ ಅಂಚಿನಲ್ಲಿರುವ ಲಾಸ್ಟಿಂಗ್‌ಹ್ಯಾಮ್ ಎಂಬ ಪುಟ್ಟ ಗ್ರಾಮ ರಿಂಗರ್ ಅವರ ವಿಶ್ರಾಂತಿಯ ತಾಣವಾಯಿತು. ಮಕ್ಕಳ ಆಸ್ಪತ್ರೆಯಲ್ಲಿ ದುಡಿದು ಎಷ್ಟೋ ತಾಯಂದಿರ ಕಣ್ಣೀರು ಒರೆಸಿದ ವೈದ್ಯರಿಗೆ ತಮ್ಮದೇ ಎಳೆಯ ಮಗಳನ್ನು ಉಳಿಸಿಕೊಳ್ಳುವ ಭಾಗ್ಯವಿರಲಿಲ್ಲ. ಬಾಲ್ಯದಲ್ಲೇ ತೀರಿಹೋದ ಮಗಳು ಆ್ಯನಿಯ ನೆನಪಿಗಾಗಿ ಅವರು ಆ ಊರಿನ ಪ್ರಾಚೀನ ಚರ್ಚನ್ನು ತಮ್ಮ ವೆಚ್ಚದಿಂದ ಜೀರ್ಣೋದ್ಧಾರ ಮಾಡಿಸಿದರು. ಹನ್ನೊಂದನೆಯ ಶತಮಾನದ ನೆಲಮಾಳಿಗೆಯನ್ನುಳ್ಳ ಆ ಕಟ್ಟಡದ ಕೆಲಸ 1879ರಲ್ಲಿ ವಾಸ್ತುಶಿಲ್ಪಿ ಪಿಯರ್ಸನ್ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಕಪ್ಪೆಯ ಹೃದಯದ ಮೇಲಿನ ಪ್ರಸಿದ್ಧ ಪ್ರಯೋಗಗಳು ಪ್ರಕಟವಾದುದು ಈ ದುಃಖದ ಅನಂತರದ ವರ್ಷಗಳಲ್ಲಿ ಎಂಬುದನ್ನು ನೆನೆದರೆ ಅವರ ಮನೋಬಲ ಎಂಥದೆಂಬುದು ತಿಳಿಯುತ್ತದೆ.

1900ರಲ್ಲಿ ನಿವೃತ್ತರಾದ ಮೇಲೆ ಅವರು ಲಾಸ್ಟಿಂಗ್‌ಹ್ಯಾಮ್‌ನಲ್ಲಿಯೇ ಕಾಲ ಕಳೆದರು. 1910ನೆಯ ಅಕ್ಟೋಬರ್ 14ರಂದು ನಿಧನರಾದರು. ಅವರ ಸಮಾಧಿ ಆ ಗ್ರಾಮದಲ್ಲಿಯೇ ಇದೆ.

ಬಾಟಲಿಯ ದ್ರವ

ರಿಂಗರ್ ಅವರ ದ್ರಾವಣ ಮೊದಲಿಗೆ ಪ್ರಯೋಗಶಾಲೆಯ ವಸ್ತುವಾಗಿತ್ತು. ಫ್ರ್ಯಾಂಕ್ ಲಾಕ್ ಎಂಬ ವಿಜ್ಞಾನಿ ಅದಕ್ಕೆ ಗ್ಲೂಕೋಸ್ ಸೇರಿಸಿ ಸಸ್ತನಿಗಳ ಹೃದಯಕ್ಕೂ ಒಗ್ಗುವಂತೆ ಮಾಡಿದರು. 1930ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅವರು ಅದಕ್ಕೆ ಲ್ಯಾಕ್ಟೇಟ್ ಲವಣವನ್ನು ಸೇರಿಸಿದರು. ಭೇದಿಯಿಂದ ಬಳಲಿ ರಕ್ತದಲ್ಲಿ ಆಮ್ಲದ ಅಂಶ ಏರಿದ ಮಕ್ಕಳಿಗೆ ಅದು ಸಂಜೀವಿನಿಯಾಯಿತು. ಇಂದಿನ ರಿಂಗರ್ ಲ್ಯಾಕ್ಟೇಟ್ ಅದೇ. ಅದರ ಒಂದು ಲೀಟರಿನಲ್ಲಿ ಸುಮಾರು 6 ಗ್ರಾಂ ಉಪ್ಪು, ಸುಮಾರು 3 ಗ್ರಾಂ ಸೋಡಿಯಂ ಲ್ಯಾಕ್ಟೇಟ್, ಅರ್ಧ ಗ್ರಾಂಗಿಂತ ಕಡಿಮೆ ಪೊಟ್ಯಾಸಿಯಂ ಕ್ಲೋರೈಡ್, ಕಾಲು ಗ್ರಾಮಿನ ಆಸುಪಾಸಿನ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತವೆ. ಕಾಲರಾ ತೀವ್ರವಾದಾಗ ರಕ್ತನಾಳದ ಮೂಲಕ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದು ಈ ದ್ರವವನ್ನೇ.

ಅಯನೋಫೋರ್: ರಿಂಗರ್ ಅವರ ಮಾತಿಗೆ ದೊರೆತ ಸಾಕ್ಷ್ಯ

ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿದೆ. ರಾಗಿ ಉಣ್ಣುವ ನಾಡಿನವರಿಗೆ ಈ ಧಾತುವಿನ ಕೊರತೆ ಕಡಿಮೆಯಾಗಬೇಕೆಂದು ಆಹಾರತಜ್ಞರು ಹೇಳುವುದುಂಟು; ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅದರ ಸಣ್ಣ ಅಂಶ ಮಾತ್ರ. ಆದರೆ ರಿಂಗರ್ ಅವರು ಕಂಡದ್ದು ಮೂಳೆಯ ಕ್ಯಾಲ್ಸಿಯಂ ಅಲ್ಲ. ರಕ್ತದಲ್ಲಿಯೂ ಜೀವಕೋಶಗಳಲ್ಲಿಯೂ ಸಂಚರಿಸುವ ಉಳಿದ ಒಂದು ಭಾಗದ ಮಹಿಮೆಯನ್ನು ಅವರು ಕಂಡಿದ್ದರು.

ಜೀವಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳು ಎಷ್ಟಿವೆಯೋ ಅದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ವಿಶ್ರಾಂತ ಸ್ಥಿತಿಯ ಕೋಶದೊಳಗೆ ಬಿಡುವಾಗಿ ಇರುತ್ತವೆ. ನಡುವೆ ಎಣ್ಣೆಯ ಗುಣವುಳ್ಳ ತೆಳ್ಳಗಿನ ಪೊರೆಯಿದೆ. ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಆ ಪೊರೆಯನ್ನು ತಾನಾಗಿ ದಾಟಲಾರದು. ದೇಹ ಅಪ್ಪಣೆ ಕೊಟ್ಟಾಗ ಪೊರೆಯಲ್ಲಿರುವ ದ್ವಾರಗಳು ತೆರೆದು ಅದು ಒಳನುಗ್ಗುತ್ತದೆ; ಇಲ್ಲವೇ ಕೋಶದ ಒಳಗಿರುವ ಉಗ್ರಾಣಗಳಿಂದ ಹೊರಬರುತ್ತದೆ. ಒಡನೆಯೇ ಸ್ನಾಯು ಸಂಕುಚಿಸುತ್ತದೆ, ಗ್ರಂಥಿ ಸ್ರವಿಸುತ್ತದೆ. ಕೈಕಾಲಿನ ಸ್ನಾಯುವಿನಲ್ಲಿ ಉಗ್ರಾಣ ದೊಡ್ಡದಾಗಿರುವುದರಿಂದ ಹೊರಗಿನ ಕ್ಯಾಲ್ಸಿಯಂ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ರಿಂಗರ್ ಅವರ ಒಗಟಿನ ಉತ್ತರ ಇದಾಗಿತ್ತು. ಈ ಉತ್ತರಕ್ಕೆ ದಾರಿ ಮಾಡಿದವರು ಹಲವರು. ಸ್ನಾಯುತಂತುವಿನೊಳಗೆ ಬೇರೆಬೇರೆ ಲವಣಗಳನ್ನು ಚುಚ್ಚಿ, ಸಾಮಾನ್ಯ ಲವಣಗಳಲ್ಲಿ ಕ್ಯಾಲ್ಸಿಯಂ ಮಾತ್ರ ಅದನ್ನು ಸಂಕುಚಿಸುತ್ತದೆಂದು 1947ರಲ್ಲಿ ಅಮೆರಿಕದ ಹೈಲ್‌ಬ್ರನ್ ಮತ್ತು ವಿಯರ್ಸಿನ್‌ಸ್ಕಿ ತೋರಿಸಿದರು. ಸ್ನಾಯುವಿನಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುವ ಪ್ರೋಟೀನನ್ನು 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಕಂಡುಹಿಡಿದರು.

ಆದರೂ ಸೂಜಿಯಿಂದ ಚುಚ್ಚಲಾಗದಷ್ಟು ಚಿಕ್ಕದಾದ ಕೋಟ್ಯಂತರ ಕೋಶಗಳನ್ನು ಒಟ್ಟಿಗೆ ಪರೀಕ್ಷಿಸುವುದು ಹೇಗೆ? ಇದಕ್ಕೆ ಸಾಧನ ದೊರೆತದ್ದು ಮಣ್ಣಿನ ಸೂಕ್ಷ್ಮಜೀವಿಗಳಿಂದ. ಸ್ಟ್ರೆಪ್ಟೊಮೈಸಿಸ್ ಎಂಬುದು ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಕುಲ. ಕ್ಷಯರೋಗಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಬಂದದ್ದೂ ಆ ಕುಲದಿಂದಲೇ. ಅದರ ಒಂದು ಪ್ರಭೇದ ತಯಾರಿಸುವ, ಎ-23187 ಎಂಬ ಅಂಕಿತವುಳ್ಳ ದ್ರವ್ಯ ಕ್ಯಾಲ್ಸಿಯಮ್ಮನ್ನು ಪೊರೆಯಾಚೆಗೆ ಸಾಗಿಸುತ್ತದೆಂದು 1972ರಲ್ಲಿ ಅಮೆರಿಕದ ರೀಡ್ ಮತ್ತು ಲಾರ್ಡಿ ಪ್ರಕಟಿಸಿದರು. ಅದೇ ಕುಲದ ಇನ್ನೊಂದು ಪ್ರಭೇದದಿಂದ ಅಯನೊಮೈಸಿನ್ ಎಂಬ ದ್ರವ್ಯ 1978ರಲ್ಲಿ ಬೆಳಕಿಗೆ ಬಂದಿತು. ಇವುಗಳನ್ನೇ ಕ್ಯಾಲ್ಸಿಯಂ ಅಯನೋಫೋರ್‌ಗಳೆನ್ನುವರು; ಅಯಾನುಗಳನ್ನು ಹೊತ್ತೊಯ್ಯುವವು ಎಂದು ಆ ಹೆಸರಿನ ಅರ್ಥ.

ಇವು ಕೆಲಸ ಮಾಡುವ ರೀತಿ ಹೊಳೆ ದಾಟಿಸುವ ಹರಿಗೋಲಿನದು. ಎ-23187ರ ಎರಡು ಅಣುಗಳು ಒಂದು ಕ್ಯಾಲ್ಸಿಯಂ ಅಯಾನನ್ನು ನಡುವೆ ಕೂರಿಸಿಕೊಂಡು ಸುತ್ತಿಕೊಳ್ಳುತ್ತವೆ. ಹೊರಮೈ ಎಣ್ಣೆಯ ಗುಣವುಳ್ಳದ್ದಾದುದರಿಂದ ಪೊರೆಯಲ್ಲಿ ಸುಲಭವಾಗಿ ತೇಲಿ ಆಚೆ ದಡ ಸೇರುತ್ತವೆ. ಅಲ್ಲಿ ಕ್ಯಾಲ್ಸಿಯಮ್ಮನ್ನು ಇಳಿಸಿ, ಬದಲಿಗೆ ಹೈಡ್ರೋಜನ್ ಅಯಾನುಗಳನ್ನು ಹತ್ತಿಸಿಕೊಂಡು ಹಿಂದಿರುಗುತ್ತವೆ. ಸಂಶೋಧಕರು ಇದರ ಅತ್ಯಲ್ಪ ಪ್ರಮಾಣವನ್ನು ಕೋಶಗಳಿರುವ ದ್ರವಕ್ಕೆ ಸೇರಿಸಿದರೆ ಸಾಕು, ದೇಹದ ಅಪ್ಪಣೆಯಿಲ್ಲದೆಯೂ ಕ್ಯಾಲ್ಸಿಯಂ ಒಳಹೊಗುತ್ತದೆ. ಆಗ ಕೋಶ ಏನು ಮಾಡುವುದೋ ಅದು ಕ್ಯಾಲ್ಸಿಯಮ್ಮಿನ ಕೆಲಸವೆಂದು ತಿಳಿಯಬಹುದು. 1974ರಲ್ಲಿ ಕಡಲಿನ ಮುಳ್ಳುಜೀವಿಯಾದ ಅರ್ಚಿನ್‌ನ ಮೊಟ್ಟೆಗಳಿಗೆ ಇದನ್ನು ಕೊಟ್ಟಾಗ, ವೀರ್ಯಾಣುವಿನ ಸಂಪರ್ಕವೇ ಇಲ್ಲದೆ ಅವು ಎಚ್ಚೆತ್ತು ಗರ್ಭಾಂಕುರದ ಮೊದಲ ಹೆಜ್ಜೆಗಳನ್ನಿಟ್ಟವು. ಈ ತಿಳಿವಳಿಕೆಯ ಆಧಾರದಿಂದ, ಪ್ರಣಾಳಶಿಶು ಚಿಕಿತ್ಸೆಯಲ್ಲಿ ಅಂಡಾಣುಗಳು ಎಚ್ಚರಗೊಳ್ಳದ ಕೆಲವು ಪ್ರಸಂಗಗಳಲ್ಲಿ ಅಯನೋಫೋರ್ ಬಳಸುವ ಪದ್ಧತಿಯೂ ಬಂದಿದೆ. ಪ್ರಮಾಣ ಮೀರಿದರೆ ಇದೇ ದ್ರವ್ಯ ಕೋಶವನ್ನು ಕೊಲ್ಲುತ್ತದೆ. ಕ್ಯಾಲ್ಸಿಯಂ ಇಲ್ಲದೆ ಸೋಲುವ, ಕ್ಯಾಲ್ಸಿಯಂ ಒಂದೇ ಆದರೆ ಬಿಗಿದು ನಿಲ್ಲುವ ಕಪ್ಪೆಯ ಹೃದಯದಲ್ಲಿ ರಿಂಗರ್ ಅವರು ಕಂಡ ಸಮತೋಲದ ನಿಯಮ ಒಂದೊಂದು ಜೀವಕೋಶಕ್ಕೂ ಅನ್ವಯಿಸುತ್ತದೆಂಬುದು ಹೀಗೆ ಖಚಿತವಾಯಿತು.

ಈ ಜ್ಞಾನದ ಬೆಳವಣಿಗೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ಜಿ. ಎನ್. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1971ರಲ್ಲಿ ಆರಂಭಿಸಿದ ಅಣುಜೀವಭೌತ ವಿಭಾಗದಲ್ಲಿ, ಕೆ. ಆರ್. ಕೆ. ಈಶ್ವರನ್ ಅವರೂ ಅವರ ಶಿಷ್ಯರೂ ಇಂಥ ಅಯನೋಫೋರ್‌ಗಳು ಲೋಹದ ಅಯಾನುಗಳನ್ನು ಹಿಡಿದುಕೊಂಡಾಗ ತಾಳುವ ಆಕಾರವನ್ನು 1980ರ ದಶಕದಲ್ಲಿ ಆಳವಾಗಿ ಅಧ್ಯಯನ ಮಾಡಿದರು.

ಉಪಸಂಹಾರ

ರಿಂಗರ್ ಅವರ ಜೀವನದಲ್ಲಿ ಸಾಹಸದ ಪ್ರಸಂಗಗಳಿಲ್ಲ. ಹುಡುಗನಾಗಿ ಕಾಲಿಟ್ಟ ಸಂಸ್ಥೆಯಲ್ಲೇ ಕಲಿತು, ಅಲ್ಲೇ ಕಲಿಸಿ, ಅಲ್ಲಿಂದಲೇ ನಿವೃತ್ತರಾದ ಒಬ್ಬ ಅಧ್ಯಾಪಕರ ಬಾಳು ಅದು. ಫೀಲ್ಡರನು ತಂದ ನೀರು ಒಂದು ಆಕಸ್ಮಿಕ. ಅಂಥ ಆಕಸ್ಮಿಕ ಯಾವ ಪ್ರಯೋಗಶಾಲೆಯಲ್ಲಾದರೂ ನಡೆಯಬಹುದು, ನಡೆದು ಯಾರಿಗೂ ತಿಳಿಯದೆ ಹೋಗಲೂಬಹುದು. ಬಾರದ ಫಲಿತಾಂಶವನ್ನು ಬದಿಗೆ ಸರಿಸದೆ, ಏಕೆ ಬರಲಿಲ್ಲವೆಂದು ಕೇಳಿದ ಮನಸ್ಸಿನಿಂದ ಅದು ಶೋಧನೆಯಾಯಿತು.

ಶಾಲೆಯ ಪ್ರಯೋಗಶಾಲೆಯಲ್ಲಿ ನಿರೀಕ್ಷಿಸಿದ ಉತ್ತರ ಬಾರದಿದ್ದಾಗ, ಗೆಳೆಯನ ಪುಸ್ತಕ ನೋಡಿ ತನ್ನ ರೆಕಾರ್ಡಿನ ಅಂಕಿಗಳನ್ನು ತಿದ್ದಿಕೊಳ್ಳುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಉಂಟು. ಬಂದ ಅಂಕಿಯನ್ನೇ ಬರೆದು ಕಾರಣ ಹುಡುಕು ಎಂದು ಅಂಥ ಮಗುವಿಗೆ ಹೇಳುವ ಉಪಾಧ್ಯಾಯರು ಒಬ್ಬರಿದ್ದರೆ ಆ ಶಾಲೆಗೆ ಅದೇ ಭಾಗ್ಯ. ಆ ಮಗುವಿನ ಕೈಗೆ ಒಂದು ತಕ್ಕಡಿ, ನಾಲ್ಕು ಗಾಜಿನ ಪಾತ್ರೆ, ಒಂದು ಬಾಟಲಿ ಬಟ್ಟಿ ಇಳಿಸಿದ ನೀರು ಒದಗಿಸಿಕೊಡುವ ದಾನಿಗಳಿದ್ದರೆ ಅದು ಸಾರ್ಥಕವಾದ ದಾನ. ತಮ್ಮ ಮೊದಲ ಲೇಖನವನ್ನು ತಾವೇ ತಿದ್ದಿ ಬರೆದ ರಿಂಗರ್ ಅವರ ಹೆಸರು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಅಳಿಯದೆ ಉಳಿದಿದೆ. ಅವರ ದ್ರಾವಣ ಇಂದಿಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹನಿಹನಿಯಾಗಿ ಇಳಿದು ಪ್ರಾಣಗಳನ್ನು ಉಳಿಸುತ್ತಿದೆ.